ಇಎಂಐಗೆ ಆಷಾಢ ಗೊತ್ತಿಲ್ಲ

ನಮ್ಮ ಕಡೆ ದುಡ್ಡು ತಿಂಗಳಿಗೊಮ್ಮೆ ಬರುವುದಿಲ್ಲ, ಬೆಳೆಗೊಮ್ಮೆ ಬರುತ್ತದೆ. ಸಂಬಳದವರನ್ನು ಬಿಟ್ಟರೆ ಉಳಿದವರದ್ದೆಲ್ಲ ಇದೇ ಪಾಡು. ತುಂಗಭದ್ರಾ ಕಾಲುವೆಗೆ ನೀರು ಬಿಟ್ಟರೆ ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪದ ಕಡೆ ಭತ್ತದ ನಾಟಿ. ನವೆಂಬರ್-ಡಿಸೆಂಬರ್ ಹೊತ್ತಿಗೆ ಕೊಯ್ಲು. ಡ್ಯಾಮಿನಲ್ಲಿ ನೀರು ಉಳಿದಿದ್ದರೆ ಬೇಸಿಗೆಗೆ ಎರಡನೇ ಬೆಳೆ. ಭತ್ತ ಮಾರಿದ ದುಡ್ಡು ಮೊದಲು ಗೊಬ್ಬರದ ಅಂಗಡಿಯ ಸಾಲಕ್ಕೆ ಹೋಗುತ್ತದೆ. ಆಮೇಲೆ ಬಂಗಾರ, ಬಟ್ಟೆ, ಮದುವೆ. ಆ ಸಾಲಿನ ಕೊನೆಯಲ್ಲೆಲ್ಲೋ ನಾನು ನಿಂತಿರುತ್ತೇನೆ.

ನಾನು ಕೊಪ್ಪಳದಲ್ಲಿ ಗ್ರಾಫಿಕ್ ಡಿಸೈನರ್. ಅಕ್ಕಿ ಚೀಲ, ಬೀಜದ ಪ್ಯಾಕೆಟ್, ಲಗ್ನಪತ್ರಿಕೆ, ಜಾತ್ರೆಯ ಪೋಸ್ಟರ್, ಬಳ್ಳಾರಿಯ ಜೀನ್ಸ್ ಹೊಲಿಯುವವರಿಗೆ ಲೇಬಲ್, ಕವಿ ಮಿತ್ರರಿಗೆ ಮುಖಪುಟ, ಯಾವುದಕ್ಕೂ ಬೇಡ ಅನ್ನುವುದಿಲ್ಲ. ಬಿಡುವಾದಾಗ ಚಿತ್ರ ಬರೆಯುತ್ತೇನೆ. ಸದ್ಯಕ್ಕೆ ಇಟಗಿಯ ಮಹಾದೇವ ದೇವಾಲಯದ ಕಂಬಗಳ ರೇಖಾಚಿತ್ರ ನಡೆದಿದೆ. 1112ರಲ್ಲಿ ಕಟ್ಟಿದ ಗುಡಿ. ಅಲ್ಲಿನ ಶಾಸನವೇ ಅದನ್ನು ದೇವಾಲಯಗಳ ಚಕ್ರವರ್ತಿ ಎಂದು ಕರೆದಿದೆ. ಅದನ್ನು ಬರೆಯಲು ನನಗೆ ಯಾರೂ ಹೇಳಿಲ್ಲ, ಯಾರೂ ದುಡ್ಡು ಕೊಡುವುದೂ ಇಲ್ಲ.

ಇಷ್ಟವಾದದ್ದನ್ನೇ ಉದ್ಯೋಗ ಮಾಡಿಕೊಳ್ಳಿ ಎಂದು ಹೇಳುವವರು ಯೂಟ್ಯೂಬಿನಲ್ಲಿ ಬೇಕಾದಷ್ಟು ಸಿಗುತ್ತಾರೆ. ಅವರ ಮಾತು ಸುಳ್ಳೇನೂ ಅಲ್ಲ. ಆದರೆ ಮದುವೆ ಇಲ್ಲದ, ಜಾತ್ರೆ ಇಲ್ಲದ, ರೈತರ ಕೈಯಲ್ಲಿ ಕಾಸಿಲ್ಲದ ಆಷಾಢದಲ್ಲಿ ಅಂಗಡಿ ಬಾಡಿಗೆ ಹೇಗೆ ಕಟ್ಟಬೇಕು ಅನ್ನುವುದನ್ನು ಅವರು ಹೇಳುವುದಿಲ್ಲ. ಈ ಕೆಲಸದಲ್ಲಿ ಉಳಿದವರನ್ನೂ ಬಿಟ್ಟು ಹೋದವರನ್ನೂ ಹತ್ತಿರದಿಂದ ನೋಡಿದ್ದೇನೆ. ಬಿಟ್ಟವರಲ್ಲಿ ಕೈಚಳಕ ಕಡಿಮೆ ಇದ್ದವರು ಕಡಿಮೆ. ಅವರ ಖರ್ಚು ತಿಂಗಳ ಲೆಕ್ಕದಲ್ಲಿತ್ತು, ಆದಾಯ ಸುಗ್ಗಿಯ ಲೆಕ್ಕದಲ್ಲಿತ್ತು. ಅಷ್ಟೇ.

ನಮ್ಮಪ್ಪನಿಗೆ ಇದು ನನಗಿಂತ ಮೊದಲೇ ಗೊತ್ತಿತ್ತು. ಮಳೆ ನಂಬಿದ ಎರೆಹೊಲದಲ್ಲಿ ಕಡಲೆ, ಜೋಳ ಬೆಳೆದವರು ಅವರು. "ನಮಗ 371 ಜೆ ಐತಿ. ಡಿಗ್ರಿ ಮುಗಿಸಿದಿ. ಒಂದು ಎಫ್‌ಡಿಎ ಪರೀಕ್ಷೆ ಬರದು ಗಟ್ಟಿ ನೌಕರಿ ಹಿಡಿಬಾರದೇನಪ?" ಎಂದು ಈಗಲೂ ಕೇಳುತ್ತಾರೆ. 2013ರಲ್ಲಿ ನಮ್ಮ ಕಲ್ಯಾಣ ಕರ್ನಾಟಕದವರಿಗೆ ನೌಕರಿಯಲ್ಲಿ ಆ ಮೀಸಲಾತಿ ಬಂದಾಗಿನಿಂದ ನಮ್ಮ ಬೀದಿಯ ಅರ್ಧ ಹುಡುಗರು ಧಾರವಾಡದ ಕೋಚಿಂಗ್ ರೂಮುಗಳಲ್ಲಿ ವರ್ಷ ಕಳೆದು ಬಂದಿದ್ದಾರೆ. ಅಪ್ಪನ ಮಾತಿಗೆ ನನಗೆ ಸಿಟ್ಟು ಬರುವುದಿಲ್ಲ. ಒಂದನೇ ತಾರೀಖಿಗೆ ದುಡ್ಡು ಬರುವುದರ ಬೆಲೆ ಏನು ಅಂತ ರೈತನಿಗೆ ಗೊತ್ತಿದ್ದಷ್ಟು ಬೇರೆ ಯಾರಿಗೂ ಗೊತ್ತಿರಲಿಕ್ಕಿಲ್ಲ.

ಅದಕ್ಕೇ ಆ ಒಂದನೇ ತಾರೀಖನ್ನು ನಾನೇ ಮಾಡಿಕೊಂಡಿದ್ದೇನೆ. ಕೆಲಸದ ಖಾತೆ ಬೇರೆ, ಮನೆಯ ಖಾತೆ ಬೇರೆ. ಬಂದ ದುಡ್ಡೆಲ್ಲ ಕೆಲಸದ ಖಾತೆಗೆ. ಕಳೆದ ಮೂರು ವರ್ಷಗಳಲ್ಲಿ ಯಾವ ವರ್ಷ ಎಲ್ಲಕ್ಕಿಂತ ಕೆಟ್ಟದಾಗಿತ್ತೋ ಅದರ ಉಳಿಕೆಯನ್ನು ಹನ್ನೆರಡರಿಂದ ಭಾಗಿಸುತ್ತೇನೆ. ಪ್ರತಿ ತಿಂಗಳು ಒಂದನೇ ತಾರೀಖಿಗೆ ಅಷ್ಟು ಮಾತ್ರ ಮನೆಯ ಖಾತೆಗೆ ಹೋಗುತ್ತದೆ. ಜನವರಿಯಲ್ಲಿ ಕೆಲಸದ ಖಾತೆ ತುಂಬಿ ತುಳುಕುತ್ತಿದ್ದರೂ ಅಷ್ಟೇ, ಜುಲೈನಲ್ಲಿ ತಳ ಕಂಡರೂ ಅಷ್ಟೇ. ಹೆಂಡತಿ ಮೊದಮೊದಲು ನಕ್ಕಳು. ಈಗ ಜನವರಿಯಲ್ಲಿ ನಾನು ಹೊಸ ಮಾನಿಟರ್ ಕಡೆ ನೋಡಿದರೆ ಅವಳೇ ಖಾತೆಯ ನೆನಪು ಮಾಡುತ್ತಾಳೆ.

ಫೋಟೊಗ್ರಾಫರ್ ಗೆಳೆಯರಿಗೆ ಇದು ಇನ್ನೂ ಕಷ್ಟ. ನನಗೆ ಬೇಕಾದದ್ದು ಒಂದು ಕಂಪ್ಯೂಟರ್. ಅವರಿಗೆ ಎರಡು ಕ್ಯಾಮೆರಾ ಬಾಡಿ, ಲೆನ್ಸ್, ಲೈಟು, ಈಗೀಗ ಡ್ರೋನ್ ಬೇರೆ. ಡ್ರೋನ್ ಇಲ್ಲದಿದ್ದರೆ ಮದುವೆ ಆರ್ಡರೇ ಇಲ್ಲ ಅನ್ನುವ ಕಾಲ. ಎಲ್ಲವೂ ಕಂತಿನ ಮೇಲೆ. ಇಎಂಐಗೆ ಆಷಾಢ ಗೊತ್ತಿಲ್ಲ, ಪುಷ್ಯ ಗೊತ್ತಿಲ್ಲ, ಡ್ಯಾಮಿನಲ್ಲಿ ನೀರಿಲ್ಲ ಅನ್ನುವುದೂ ಗೊತ್ತಿಲ್ಲ. ತಾರೀಖು ಬಂತೆಂದರೆ ಖಾತೆಯಿಂದ ಎಳೆದುಕೊಳ್ಳುತ್ತದೆ. ಒಳ್ಳೆಯ ಕಣ್ಣಿದ್ದ ಒಬ್ಬ ಗೆಳೆಯ ಇದೇ ಕಾರಣಕ್ಕೆ ಕ್ಯಾಮೆರಾ ಮಾರಿ ಈಗ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಇನ್ನೊಬ್ಬ ಮಾತ್ರ ಲಗ್ನದ ಸೀಸನ್ ಮುಗಿದ ಮೇಲೆ, ಕೈಯಲ್ಲಿ ನಗದು ಇದ್ದಾಗ, ಸೆಕೆಂಡ್ ಹ್ಯಾಂಡ್ ಕೊಳ್ಳುತ್ತಾನೆ. ಉಳಿದದ್ದು ಬಾಡಿಗೆಗೆ ತರುತ್ತಾನೆ. ಅವನ ಫೋಟೊ ಅಷ್ಟೇನೂ ಹೊಸತಲ್ಲ, ನಿಜ ಹೇಳಬೇಕೆಂದರೆ. ಆದರೆ ಅವನು ಇನ್ನೂ ಫೋಟೊ ತೆಗೆಯುತ್ತಿದ್ದಾನೆ.

2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟಿನ ಚೈನ್ ಕಡಿದು ಗೇಟು ಕೊಚ್ಚಿಹೋಯಿತಲ್ಲ, ಆಗ ಈ ನಂಟು ನನಗೆ ಬರಿಗಣ್ಣಿಗೆ ಕಂಡಿತು. 33 ಗೇಟುಗಳಲ್ಲಿ ಹೋದದ್ದು ಒಂದು. ಆದರೆ ಆ ವಾರ ನನ್ನ ಫೋನ್ ಪೂರ್ತಿ ಸುಮ್ಮನಿತ್ತು. ಒಪ್ಪಿಕೊಂಡಿದ್ದ ಬೀಜದ ಪ್ಯಾಕೆಟ್ ಕೆಲಸ "ಸ್ವಲ್ಪ ತಡೀರಿ" ಎಂದಾಯಿತು. ಮದುವೆ ನಿಶ್ಚಯವಾದ ಮನೆಯವರೂ ಪತ್ರಿಕೆಯ ಮಾತು ಎತ್ತಲಿಲ್ಲ. ಸ್ಟಾಪ್‌ಲಾಗ್ ಎಂಬ ಉಕ್ಕಿನ ಅಡ್ಡಹಲಗೆ ಇಳಿಸಿ ನೀರು ನಿಲ್ಲಿಸಿದರು, ಆಮೇಲಿನ ಮಳೆಗೆ ಡ್ಯಾಮು ಮತ್ತೆ ತುಂಬಿತು, ಕೆಲಸವೂ ಬಂತು. ನದಿಗೂ ನನ್ನ ಫೋಟೊಶಾಪಿಗೂ ಏನು ಸಂಬಂಧ ಎಂದು ಬೆಂಗಳೂರಿನ ಗೆಳೆಯನೊಬ್ಬ ಕೇಳಿದ್ದ. ಇದು ಸಂಬಂಧ.

ಈಗ ಅಕ್ಕಿ ಚೀಲದ ವಿಷಯಕ್ಕೆ ಬರುತ್ತೇನೆ. ಈ ಕಸುಬಿನಲ್ಲಿ ನಾನು ಕಲಿತದ್ದರಲ್ಲಿ ಮುಕ್ಕಾಲು ಪಾಲು ಚೀಲದಿಂದಲೇ ಕಲಿತದ್ದು.

2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿಗೆ, 25 ಕೆಜಿಯವರೆಗಿನ ಚೀಲಕ್ಕೆ, ಶೇ 5 ಜಿಎಸ್‌ಟಿ ಬಂತು. 25 ದಾಟಿದರೆ ತೆರಿಗೆ ಇಲ್ಲ. ಮಿಲ್ಲಿನವರು ಜಾಣರು. 26 ಕೆಜಿ ಚೀಲ ಶುರುವಾಯಿತು. ಆಷಾಢದ ನಡುವೆ, ನನ್ನ ಅಂಗಡಿಯಲ್ಲಿ ನೊಣ ಹೊಡೆಯುವ ಕಾಲದಲ್ಲಿ, ಒಬ್ಬ ಸಾವ್ಕಾರರ ಫೋನ್ ಬಂತು.

"25 ಇದ್ದದ್ದು 26 ಮಾಡ್ರಿ ಸಾಕು. ಒಂದು ನಂಬರ್ ಐತಿ. ಎರಡು ನಿಮಿಷದ ಕೆಲಸ."

ಎರಡು ನಿಮಿಷದ ಕೆಲಸ ಅನ್ನುವುದು ನಿಜವೇ. ಕಂಪ್ಯೂಟರಿನಲ್ಲಿ ಐದನ್ನು ಅಳಿಸಿ ಆರು ಬರೆಯಲು ಅಷ್ಟೂ ಬೇಡ. ಆದರೆ ಹೊಳಪಿನ ಚೀಲದ ಮೇಲಿನ ಚಿತ್ರ ಸಿಲಿಂಡರಿನಿಂದ ಅಚ್ಚಾಗುತ್ತದೆ. ಒಂದೊಂದು ಬಣ್ಣಕ್ಕೆ ಒಂದೊಂದು ಸಿಲಿಂಡರ್. ತೂಕದ ಅಂಕಿ ಯಾವ ಬಣ್ಣದಲ್ಲಿದೆಯೋ ಆ ಸಿಲಿಂಡರ್ ಹೊಸದಾಗಿ ಕೆತ್ತಿಸಬೇಕು. ಆ ಬಣ್ಣದಲ್ಲಿ ಅಂಕಿಯ ಜೊತೆ ಇರುವುದೆಲ್ಲ, ಮಿಲ್ಲಿನ ಹೆಸರು, ವಿಳಾಸ, ಲೈಸೆನ್ಸ್ ನಂಬರ್, ಮತ್ತೆ ಒಂದಿಂಚೂ ಸರಿಯದೆ ಕೂರಬೇಕು. ಚೀಲದ ಎರಡೂ ಮುಖದಲ್ಲಿ ತೂಕ ಬದಲಾಗಬೇಕು. ಒಂದು ಕಡೆ 26, ಇನ್ನೊಂದು ಕಡೆ 25 ಉಳಿದರೆ ಅಚ್ಚಾದ ಚೀಲವೆಲ್ಲ ದಂಡ. ಹಳೆಯ ಫೈಲು ನುಡಿ ಫಾಂಟಿನಲ್ಲಿದ್ದರೆ ಇನ್ನೊಂದು ಕಥೆ. ಹೊಸ ಸಾಫ್ಟ್‌ವೇರಿನಲ್ಲಿ ತೆಗೆದರೆ ಒತ್ತಕ್ಷರಗಳು ಚೆಲ್ಲಾಪಿಲ್ಲಿ. 'ಅಕ್ಕಿ'ಯ ಕೆಳಗಿನ ಒತ್ತು ಎಲ್ಲೋ ಹೋಗಿ ಕೂತಿರುತ್ತದೆ.

ಹಾಗಾಗಿ ನಾನು ಎರಡು ನಿಮಿಷಕ್ಕೆ ದುಡ್ಡು ಕೇಳಲಿಲ್ಲ. ತಿದ್ದಿದ್ದಕ್ಕೆ ಒಂದು ರೇಟು, ಪ್ರೂಫ್ ನೋಡಿ ಸಹಿ ಮಾಡಿ ಕೊಡುವುದಕ್ಕೆ ಇನ್ನೊಂದು ರೇಟು ಎಂದು ಬಿಲ್ಲಿನಲ್ಲಿ ಬೇರೆ ಬೇರೆ ಸಾಲಿನಲ್ಲಿ ಬರೆದೆ. ಸಾವ್ಕಾರರು ಮೊದಲ ಸಾಲಿಗೆ ಜಗಳ ಆಡಿದರು, ಎರಡನೆಯದಕ್ಕೆ ಆಡಲಿಲ್ಲ. ತಪ್ಪು ಅಚ್ಚಾದರೆ ಎಷ್ಟು ಹೋಗುತ್ತದೆ ಅನ್ನುವುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಆಗಿನಿಂದ ನನ್ನ ಬಿಲ್ಲಿನಲ್ಲಿ ಈ ಎರಡನೇ ಸಾಲು ಇದ್ದೇ ಇರುತ್ತದೆ. ಚೆಂದಕ್ಕೆ ನಮ್ಮ ಊರಲ್ಲಿ ಚೌಕಾಶಿ ಉಂಟು. ಹೊಣೆಗೆ ಅಷ್ಟಾಗಿ ಇಲ್ಲ.

ಬೇರೆ ಮಿಲ್ಲಿನವರೂ ಬಂದರು. ಆ ವರ್ಷದ ಆಷಾಢ ಆರಾಮಾಗಿ ಕಳೆಯಿತು. ಆದರೆ ಪ್ರತಿ ಆಷಾಢಕ್ಕೂ ದಿಲ್ಲಿಯವರು ತೆರಿಗೆ ಬದಲಿಸಲಿ ಎಂದು ಕಾಯುತ್ತ ಕೂರಲು ಆಗುತ್ತದೆಯೇ? ಖಾಲಿ ತಿಂಗಳಿಗೆ ಒಂದು ಕೆಲಸ ನಾವೇ ಹುಡುಕಿಟ್ಟಿರಬೇಕು. ನನಗೆ ಅದು ಶಾಲೆ-ಕಾಲೇಜು. ಜೂನ್, ಜುಲೈನಲ್ಲಿ ಅವರಿಗೆ ಕರಪತ್ರ, ಡೈರಿ, ಗುರುತಿನ ಚೀಟಿ ಬೇಕು. ಅಂಥ ರೋಚಕ ಕೆಲಸವೇನಲ್ಲ. ಅದರ ಬಗ್ಗೆ ಇನ್ನೇನೂ ಹೇಳುವುದಕ್ಕಿಲ್ಲ.

ಖಾಲಿ ತಿಂಗಳಿಗೆ ಕೆಲಸ ಹುಡುಕಿಡುವುದನ್ನು ನಮಗಿಂತ ಎಷ್ಟೋ ಮೊದಲು ಕಂಡುಕೊಂಡವರು ಕಿನ್ನಾಳದ ಚಿತ್ರಗಾರರು. ಕೊಪ್ಪಳದ ಮಗ್ಗುಲಲ್ಲೇ ಇರುವ ಊರು. ಹಗುರ ಮರದ ಗೊಂಬೆ, ಹುಣಸೆ ಬೀಜದ ಅಂಟು, ಅದರ ಮೇಲೆ ಹೊಳೆಯುವ ಬಣ್ಣ ಎಂದು ಎಲ್ಲರಿಗೂ ಗೊತ್ತು. ಅವರ ವರ್ಷ ಹೇಗೆ ಸಾಗುತ್ತದೆ ಎಂದು ಗಮನಿಸಿದವರು ಕಡಿಮೆ. ಮಣ್ಣೆತ್ತಿನ ಅಮಾವಾಸ್ಯೆ ಬಂತೆಂದರೆ ಮಣ್ಣಿನ ಎತ್ತು. ಗಣೇಶ ಚವತಿಗೆ ಗಣಪ. ಊರೂರ ಗುಡಿಗಳಿಗೆ ದೇವರ ಮೂರ್ತಿ, ಪಲ್ಲಕ್ಕಿ, ಬಣ್ಣ ಮಾಸಿದ ಗರುಡನಿಗೆ ಮತ್ತೆ ಬಣ್ಣ. ಇವುಗಳ ನಡುವೆ ಶೋಕೇಸಿಗೆ ಹೋಗುವ ಕಾಮಧೇನು. ಪ್ರದರ್ಶನದಲ್ಲಿ, ಕಾವೇರಿ ಎಂಪೋರಿಯಮ್ಮಿನಲ್ಲಿ ನಾವು ಕಾಣುವುದು ಈ ಕೊನೆಯದನ್ನು ಮಾತ್ರ. ಮನೆ ನಡೆಸುವುದರಲ್ಲಿ ಮಣ್ಣೆತ್ತಿನ ಪಾಲೂ ಇದೆ. ಒಂದು ಎತ್ತಿಗೆ ಸಿಗುವುದು ಎಷ್ಟೋ ಅಷ್ಟೇ, ಆದರೆ ಮನೆಮನೆಗೂ ಬೇಕು, ಪ್ರತಿ ವರ್ಷವೂ ಬೇಕು.

ಹಾಗೆಂದು ಅಲ್ಲಿ ಎಲ್ಲ ಚೆನ್ನಾಗಿದೆ ಎಂದರೆ ಸುಳ್ಳಾಗುತ್ತದೆ. ಕಸುಬು ಬಿಟ್ಟ ಮನೆಗಳಿವೆ. ಈ ಊರಿನದೇ ಕಸುಬು ಎಂದು ಗುರುತಿಸುವ ಜಿಐ ಟ್ಯಾಗ್ ಸಿಕ್ಕಿದೆ, ಒಳ್ಳೆಯದೇ. ಆದರೆ ಟ್ಯಾಗ್ ತಾನಾಗಿ ಆರ್ಡರ್ ತರುವುದಿಲ್ಲ. ಸಂಡೂರಿನ ಲಂಬಾಣಿ ಕಸೂತಿಗೂ ಜಿಐ ಇದೆ. ಅಲ್ಲಿ ಹೆಣ್ಣುಮಕ್ಕಳ ಕೈಗೆ ಕೆಲಸ ಮುಟ್ಟಿಸಲು, ಹೊಲಿದದ್ದನ್ನು ಪೇಟೆಗೆ ದಾಟಿಸಲು ಕುಶಲ ಕಲಾ ಕೇಂದ್ರ ಎಂಬ ಸಂಸ್ಥೆ ನಿಂತಿದೆ. ಆ ವ್ಯತ್ಯಾಸ ದೊಡ್ಡದು. 2023ರಲ್ಲಿ ಬಂದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಗೊಂಬೆ ಮಾಡುವವರೂ ಸೇರಿದ್ದಾರೆ. ಮೊದಲು 1 ಲಕ್ಷ, ಅದನ್ನು ತೀರಿಸಿದರೆ 2 ಲಕ್ಷ, ಶೇ 5ರ ಬಡ್ಡಿಗೆ ಸಾಲ. ನನ್ನಂಥ ಡಿಸೈನರುಗಳು ಆ ಹದಿನೆಂಟರಲ್ಲಿ ಇಲ್ಲ. ನಮ್ಮನ್ನು ಯಾವ ಪಟ್ಟಿಗೆ ಸೇರಿಸಬೇಕು ಅನ್ನುವುದು ಸರ್ಕಾರಕ್ಕೂ ತಿಳಿದಂತಿಲ್ಲ, ನಮ್ಮ ಬೀಗರಿಗೂ ತಿಳಿದಂತಿಲ್ಲ.

ಇನ್ನೊಂದು ದಾರಿಯೂ ಇದೆ. ಅದಕ್ಕೆ ಬಳ್ಳಾರಿಯ ರಂಗಭೂಮಿ ನೋಡಬೇಕು. ಬಳ್ಳಾರಿ ರಾಘವ (1880–1946) ಎಂಥ ನಟ ಎಂದು ಹಿರಿಯರು ಇವತ್ತಿಗೂ ಹೇಳುತ್ತಾರೆ. ಹೊಟ್ಟೆಪಾಡಿಗೆ ಅವರು ವಕೀಲರು. ಅವರ ಸೋದರಮಾವ ಧರ್ಮಾವರಂ ರಾಮಕೃಷ್ಣಮಾಚಾರ್ಯರು ನಾಟಕಕಾರರು, ಅವರೂ ವಕೀಲರು. ಅದೇ ಊರಿನ ಇನ್ನೊಬ್ಬ ನಾಟಕಕಾರ ಕೋಲಾಚಲಂ ಶ್ರೀನಿವಾಸರಾಯರೂ ವಕೀಲರೇ. ಅಂದರೆ ಆ ಕಾಲದ ಬಳ್ಳಾರಿಯ ಹವ್ಯಾಸಿ ರಂಗಕ್ಕೆ ಕೋರ್ಟಿನ ಫೀಸಿನ ಆಸರೆ ಇತ್ತು. ಟಿಕೆಟ್ ಮಾರಾಟವಾಗಲಿ ಬಿಡಲಿ, ಮನೆಯಲ್ಲಿ ಒಲೆ ಉರಿಯುತ್ತಿತ್ತು. ಬೇಕಾದ ಪಾತ್ರ ಮಾಡುವ, ಬೇಡವಾದದ್ದನ್ನು ಬಿಡುವ ಸ್ವಾತಂತ್ರ್ಯ ಅದರಿಂದ ಬಂತು ಅನಿಸುತ್ತದೆ ನನಗೆ.

ಅದೇ ನೆಲದ ರಂಗನಟಿ ಸುಭದ್ರಮ್ಮ ಮನ್ಸೂರರು ಇನ್ನೊಂದು ದಾರಿ ಹಿಡಿದವರು. ಬಣ್ಣ, ಹಾಡು, ಕಂಪನಿ, ಅದೇ ಬದುಕು. ಕಂಪನಿ ನಾಟಕದವರು ಊರಿಂದ ಊರಿಗೆ, ಜಾತ್ರೆಯಿಂದ ಜಾತ್ರೆಗೆ ಕ್ಯಾಂಪ್ ಹಾಕುತ್ತಿದ್ದರು. ಜನರ ಕೈಯಲ್ಲಿ ಕಾಸು ಇರುವ ಕಡೆ, ಇರುವ ಹೊತ್ತಿಗೆ ಹೋಗಬೇಕಿತ್ತು. ಸುಗ್ಗಿಯ ಲೆಕ್ಕ ಅವರಷ್ಟು ಚೆನ್ನಾಗಿ ಯಾರಿಗೆ ಗೊತ್ತಿತ್ತು?

ನೌಕರಿ ಇಟ್ಟುಕೊಂಡು ಕಲೆ ಮಾಡುವವರು ಅರ್ಧ ಕಲಾವಿದರು ಎಂಬ ಮಾತು ನಮ್ಮಲ್ಲಿ ಇದೆ. ನಾನು ಅದನ್ನು ಒಪ್ಪುವುದಿಲ್ಲ. ರಾಘವರು ಅರ್ಧವಾಗಿದ್ದರೆ ಪೂರ್ತಿ ಯಾರು? ನನ್ನ ಮಟ್ಟಿಗೆ ಅಕ್ಕಿ ಚೀಲವೇ ನನ್ನ ವಕೀಲಿಕೆ. ಇಟಗಿಯ ಕಂಬಗಳ ಪ್ರಿಂಟುಗಳನ್ನು ಚಳಿಗಾಲದಲ್ಲಿ ಆನೆಗೊಂದಿಗೆ ಬರುವ ಪ್ರವಾಸಿಗರು ಕೊಂಡರೆ ಸಂತೋಷ. ಕೊಳ್ಳದಿದ್ದರೆ ಅವು ಗೋಡೆಯ ಮೇಲೆ ಇರುತ್ತವೆ. ಚಿತ್ರವೇ ಮನೆ ನಡೆಸಬೇಕು ಎಂದಾಗಿದ್ದರೆ ಈ ಹೊತ್ತಿಗೆ ನಾನು ಎಲ್ಲರೂ ಕೊಳ್ಳುವ ಹಂಪಿಯ ಕಲ್ಲಿನ ರಥವನ್ನಷ್ಟೇ ಬರೆಯುತ್ತ ಕೂತಿರುತ್ತಿದ್ದೆ.

ಆನೆಗೊಂದಿ ಅಂದಾಗ ನೆನಪಾಯಿತು. ಹಂಪಿಯ ಎದುರಿನ ನಡುಗಡ್ಡೆ ವಿರುಪಾಪುರಗಡ್ಡೆಯ ಹೋಟೆಲುಗಳಿಗೆ ಗೋಡೆ ಚಿತ್ರ ಬರೆದುಕೊಂಡಿದ್ದ ಕೆಲವು ಹುಡುಗರು ನನಗೆ ಗೊತ್ತು. ವಿದೇಶಿಯರು ಬರುತ್ತಿದ್ದರು, ಒಳ್ಳೆಯ ದುಡ್ಡು ಇತ್ತು, ಬೇರೆ ಗಿರಾಕಿ ಹುಡುಕುವ ಅಗತ್ಯವೇ ಬಿದ್ದಿರಲಿಲ್ಲ. 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ಅಲ್ಲಿನ ಅಕ್ರಮ ಕಟ್ಟಡಗಳನ್ನು ಮಾರ್ಚಿನಲ್ಲಿ ಕೆಡವಿದರು. ಅದೇ ತಿಂಗಳು ಲಾಕ್‌ಡೌನ್ ಬಂತು. ಗೋಡೆಯೂ ಇಲ್ಲ, ಗಿರಾಕಿಯೂ ಇಲ್ಲ. ಒಂದೇ ಕಡೆಯಿಂದ ಅರ್ಧಕ್ಕಿಂತ ಜಾಸ್ತಿ ದುಡ್ಡು ಬರತೊಡಗಿದರೆ ನನಗೆ ಈಗ ಸಣ್ಣಗೆ ಭಯ ಶುರುವಾಗುತ್ತದೆ.

ಪುಕ್ಕಟೆ ಕೆಲಸದ ಬಗ್ಗೆಯೂ ಹೇಳಬೇಕು. "ಒಂದು ಪೈಸೆಯೂ ಬಿಡಬೇಡಿ" ಎಂಬ ಸಲಹೆ ನಮ್ಮ ಊರಿಗೆ ಹೊಂದುವುದಿಲ್ಲ. ಗವಿಮಠದ ಜಾತ್ರೆಯ ದಾಸೋಹಕ್ಕೆ ಹಳ್ಳಿಹಳ್ಳಿಯಿಂದ ಟ್ರ್ಯಾಕ್ಟರ್ ತುಂಬ ರೊಟ್ಟಿ ಬರುವ ಊರು ಇದು. ತಟ್ಟಿದ ಹೆಣ್ಣುಮಕ್ಕಳು ಯಾರೂ ಬಿಲ್ ಕೊಟ್ಟಿಲ್ಲ. ನಮ್ಮೂರ ಜಾತ್ರೆಯ ಪೋಸ್ಟರಿಗೆ ನಾನೂ ತೆಗೆದುಕೊಳ್ಳುವುದಿಲ್ಲ. ಅದು ಸೇವೆ, ಯಾವುದಕ್ಕೆ ಮಾಡಬೇಕು ಎಂದು ಆರಿಸುವವನು ನಾನು. ಆದರೆ ಬಂಗಾರದಂಗಡಿಯವರು "ಅಣ್ಣಾರ, ನಮ್ಮವರ ಅಂತ ಹೇಳಾಕತ್ತೀನಿ, ಈ ಸಲ ಸುಮ್ನ ಮಾಡಿಕೊಡ್ರಿ, ಮುಂದ ಬಾಳ ಕೆಲಸ ಕೊಡ್ತೀವಿ" ಅಂದರೆ ಅದಕ್ಕೆ ಸೇವೆಯ ಹೆಸರಿಲ್ಲ. ಅಂಥವರಿಗೆ ಪೂರ್ತಿ ರೇಟು ಬರೆದು, ಕೆಳಗೆ ರಿಯಾಯಿತಿ ಇಷ್ಟು ಎಂದು ಕಾಣಿಸುವಂತೆ ಕಳೆದು ಕೊಡುತ್ತೇನೆ. ಮುಂದಿನ ಸಲ ಮಾತು ಪೂರ್ತಿ ರೇಟಿನಿಂದಲೇ ಶುರುವಾಗಲಿ ಎಂದು.

"ಸುಗ್ಗಿ ಆದ್ಮ್ಯಾಲೆ ಕೊಡ್ತೀನಿ" ಅನ್ನುವವರಲ್ಲೂ ಎರಡು ಬಗೆ. ರೈತ ಹಾಗೆ ಅಂದರೆ ಒಪ್ಪುತ್ತೇನೆ, ಅವನು ಕೊಡುತ್ತಾನೆ. ವರ್ಷವಿಡೀ ವ್ಯಾಪಾರ ಮಾಡುವ ಕಂಪನಿ ಹಾಗೆ ಅನ್ನುವಂತಿಲ್ಲ. ಸಣ್ಣ ಉದ್ದಿಮೆಗಳಿಗೆಂದು ಸರ್ಕಾರ ಮಾಡುವ ಉದ್ಯಮ್ ನೋಂದಣಿ ಮಾಡಿಸಿಕೊಂಡಿದ್ದರೆ 2006ರ ಎಂಎಸ್‌ಎಂಇ ಕಾಯ್ದೆ ನಮ್ಮ ಬೆನ್ನಿಗಿದೆ. ಮುಗಿಸಿಕೊಟ್ಟ ಕೆಲಸವನ್ನು ಗಿರಾಕಿ ಒಪ್ಪಿಕೊಂಡ ಮೇಲೆ, ಬರಹದ ಕರಾರಿದ್ದರೆ ಅದರಲ್ಲಿರುವ ದಿನಕ್ಕೆ, ಅದೂ 45 ದಿನ ಮೀರದಂತೆ, ಕೊಡಬೇಕು. ಕರಾರು ಇಲ್ಲದಿದ್ದರೆ 15 ದಿನ. ನೋಂದಣಿಗೆ ಶುಲ್ಕ ಇಲ್ಲ. ಸಾವ್ಕಾರರ ಮುಂದೆ ಕಾಯ್ದೆ ಓದಿ ಊರಲ್ಲಿ ಬಾಳುವುದು ಕಷ್ಟ, ಒಪ್ಪುತ್ತೇನೆ. ನಾನೂ ಓದಿಲ್ಲ. ಬಿಲ್ಲಿನ ತುದಿಯಲ್ಲಿ ಉದ್ಯಮ್ ನಂಬರ್ ಅಚ್ಚು ಹಾಕಿಸಿದ್ದೇನೆ ಅಷ್ಟೇ. ಅವರ ಲೆಕ್ಕಪತ್ರ ನೋಡುವವರು ಅದನ್ನು ಓದುತ್ತಾರೆ. ಉಳಿದದ್ದು ಮುಂಗಡದ ಮೇಲೆ ನಿಂತಿದೆ. ಅರ್ಧ ದುಡ್ಡು ಬಂದ ಮೇಲೇ ಫೈಲ್ ತೆರೆಯುವುದು, ಪೂರ್ತಿ ಬಂದ ಮೇಲೇ ಅಚ್ಚಿನ ಫೈಲ್ ಕಳಿಸುವುದು.

ಹಕ್ಕಿನ ವಿಷಯ ನಮ್ಮಲ್ಲಿ ಯಾರೂ ಮಾತಾಡುವುದಿಲ್ಲ. ಫೋಟೊಗ್ರಾಫರುಗಳಂತೂ ತಾವು ತೆಗೆದದ್ದೆಲ್ಲ ತಮ್ಮದೇ ಎಂದುಕೊಂಡಿರುತ್ತಾರೆ. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಬೇರೆ ಹೇಳುತ್ತದೆ. ದುಡ್ಡು ಕೊಟ್ಟು ಹೇಳಿ ತೆಗೆಸಿದ ಫೋಟೊ, ಬರೆಸಿದ ಪೇಂಟಿಂಗ್ ತೆಗೆಸಿದವರದ್ದು, ಬೇರೆ ಒಪ್ಪಂದ ಇಲ್ಲದಿದ್ದರೆ. ಹಾಗಾಗಿ ಮದುವೆಯ ಫೋಟೊ ನಿಮ್ಮ ಜಾಹೀರಾತಿಗೆ ಬೇಕಿದ್ದರೆ ಆರ್ಡರ್ ಫಾರಂನಲ್ಲೇ ಒಂದು ಸಾಲು ಬರೆಸಿಕೊಳ್ಳಿ. ನಮ್ಮದೇ ಚಿತ್ರದ ಹಕ್ಕನ್ನು ಬೇರೆಯವರಿಗೆ ಬರೆದುಕೊಡುವಾಗಲೂ ಅಷ್ಟೇ. ಅವಧಿ ಬರೆಯದಿದ್ದರೆ ಕಾಯ್ದೆ ಅದನ್ನು ಐದು ವರ್ಷ ಎಂದು ಓದುತ್ತದೆ. ಬಾಯಿಮಾತಿನಲ್ಲಿ ಹಕ್ಕು ವರ್ಗಾವಣೆ ಆಗುವುದೇ ಇಲ್ಲ.

ಎಐ ಬಗ್ಗೆ ಕೇಳದವರೇ ಇಲ್ಲ. ಹುಟ್ಟುಹಬ್ಬದ ಬ್ಯಾನರಿನ ಕೆಲಸ ಹೋಯಿತು. ಹುಡುಗರು ಮೊಬೈಲಿನಲ್ಲೇ ತಮ್ಮ ಹಿಂದೆ ಸಿಂಹ ನಿಲ್ಲಿಸಿಕೊಳ್ಳುತ್ತಾರೆ. ಕನ್ನಡದ ಒತ್ತಕ್ಷರ ಅದಕ್ಕೆ ಬರುವುದಿಲ್ಲ ಎಂದು ಕೆಲವರು ಸಮಾಧಾನ ಮಾಡಿಕೊಳ್ಳುತ್ತಿದ್ದಾರೆ. ಇವತ್ತು ತಪ್ಪುತ್ತಿರಬಹುದು, ನಾಳೆ ಕಲಿಯುತ್ತದೆ. ಅದರ ಮೇಲೆ ಮನೆ ಕಟ್ಟಬಾರದು. ಕೈಯಲ್ಲಿ ಬೋರ್ಡು ಬರೆಯುತ್ತಿದ್ದವರನ್ನು ಫ್ಲೆಕ್ಸ್ ಮನೆಗೆ ಕಳಿಸಿದಾಗ ನಮ್ಮಂಥವರೇ ಕಂಪ್ಯೂಟರ್ ಮುಂದೆ ಕೂತಿದ್ದೆವು. ಈಗ ಸರದಿ ನಮ್ಮದು ಎಂದು ದೂರುವ ಹಕ್ಕು ಎಷ್ಟಿದೆ? ನನ್ನಲ್ಲಿ ಈಗ ಉಳಿದಿರುವುದು ಬಿಲ್ಲಿನ ಆ ಎರಡನೇ ಸಾಲಿನ ಕೆಲಸ. ಅಚ್ಚಾದ ಮೇಲೆ ತಪ್ಪಿದ್ದರೆ ಸಾವ್ಕಾರರು ಬಂದು ಯಾರನ್ನಾದರೂ ಕೇಳಬೇಕಲ್ಲ, ಅವರು ಕೇಳುವುದು ನನ್ನನ್ನು.

ಹೋದ ವಾರ ರಾಯಚೂರಿನಿಂದ ಒಬ್ಬ ಹುಡುಗ ಫೋನ್ ಮಾಡಿದ್ದ. ಚೆನ್ನಾಗಿ ಚಿತ್ರ ಬರೆಯುತ್ತಾನೆ, ಅಕ್ಷರ ಕಟ್ಟುವುದರಲ್ಲಿ ನನಗಿಂತ ಮುಂದೆ. "ಅಣ್ಣಾ, ಬೆಂಗಳೂರಿಗೆ ಹೋಗ್ಲಾ, ಇಲ್ಲೇ ಇರ್ಲಾ?" ಎಂದು ಕೇಳಿದ. ಅದಕ್ಕೆ ನನ್ನಲ್ಲಿ ಉತ್ತರ ಇಲ್ಲ. ಹೋಗಿ ಗೆದ್ದವರಿದ್ದಾರೆ, ಬಾಡಿಗೆ ಕಟ್ಟಲಾಗದೆ ವಾಪಸ್ ಬಂದವರಿದ್ದಾರೆ. ಕಳೆದ ವರ್ಷ ಯಾವ ತಿಂಗಳಲ್ಲಿ ಎಷ್ಟು ಬಂತು ಎಂದು ಕೇಳಿದೆ. ಗೊತ್ತಿಲ್ಲ ಅಂದ. ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿ, ಕೈಗೆ ಬಂದ ನಗದು ನೆನಪಿದ್ದಷ್ಟು ಸೇರಿಸಿ, ಹನ್ನೆರಡು ಸಾಲು ಬರೆದು ಕಳಿಸು ಎಂದಿದ್ದೇನೆ. ಅಷ್ಟರೊಳಗೆ ಮಾನ್ವಿ ಕಡೆಯ ಒಂದು ಮಿಲ್ಲಿನ ಚೀಲದ ಅಕ್ಷರದ ಕೆಲಸ ಅವನಿಗೇ ದಾಟಿಸಿದ್ದೇನೆ. ಮುಂಗಡ ಅವನೇ ಕೇಳಬೇಕು, ಬಿಲ್ಲೂ ಅವನ ಹೆಸರಲ್ಲೇ ಹೋಗಬೇಕು ಎಂಬ ಷರತ್ತಿನ ಮೇಲೆ. ಮುಂಗಡ ಎಷ್ಟು ಕೇಳಲಿ ಎಂದು ನಿನ್ನೆಯಿಂದ ವಾಟ್ಸ್‌ಆ್ಯಪ್‌ನಲ್ಲಿ ಚರ್ಚೆ ನಡೆದಿದೆ. ಅವನು ಹೇಳುತ್ತಿರುವ ಮೊತ್ತ ಇನ್ನೂ ಕಡಿಮೆಯೇ ಇದೆ.